ಚನಿಯಣ್ಣನ ಅರಸಿನ ನೀರು

ಕಲ್ಲನ್ನು ತಲೆಗೂದಲಿಗಿಂತ ತೆಳ್ಳಗೆ ಅರೆಯಬಲ್ಲವನು ಆ ಕಾಲೇಜಿನಲ್ಲಿ ಒಬ್ಬನೇ ಇದ್ದ. ಅವನ ಹೆಸರು ಚನಿಯ. ಕಾಸರಗೋಡು ಪೇಟೆಯಿಂದ ಆಚೆ, ಕೆಂಪುಕಲ್ಲಿನ ಗುಡ್ಡದ ಮೇಲಿರುವ ಕಾಲೇಜು ಅದು. ಭೂವಿಜ್ಞಾನ ವಿಭಾಗದ ಹಿಂಬದಿಯಲ್ಲಿ ಒಂದು ಉದ್ದ ಕೋಣೆ. ಅದರಲ್ಲಿ ಕಲ್ಲು ಕೊಯ್ಯುವ ಗರಗಸ, ತಿರುಗುವ ಚಕ್ರ, ದಪ್ಪ ಗಾಜಿನ ಹಲಗೆ, ಒಂದು ಹಳೆಯ ಸೂಕ್ಷ್ಮದರ್ಶಕ. ಕಾಗದದಲ್ಲಿ ಆ ಕೋಣೆಗೆ ಬೇರೆ ಏನೋ ಹೆಸರಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಚನಿಯಣ್ಣನ ಕೋಣೆ ಎಂದೇ.

ಎಡನೀರಿನ ಹತ್ತಿರ ಅವನ ಅಪ್ಪ ಕೆಂಪುಕಲ್ಲು ಕಡಿಯುತ್ತಿದ್ದವರು. ಹದಿನಾರನೇ ವಯಸ್ಸಿಗೆ ಚನಿಯನೂ ಅದೇ ಕೋರೆಗೆ ಇಳಿದ. ಪೆಟ್ಟು ಬಿದ್ದಾಗ ಕಲ್ಲು ಕೊಡುವ ಸದ್ದಿನಿಂದಲೇ ಅದು ನೇರ ಬಿಡುತ್ತದೋ ನಡುವೆ ಮುರಿಯುತ್ತದೋ ಹೇಳುತ್ತಿದ್ದ. ಮಕ್ಕಳನ್ನು ಕರೆದುಕೊಂಡು ಕೋರೆ ನೋಡಲು ಬಂದ ಒಬ್ಬ ಪ್ರೊಫೆಸರ್ ಒಮ್ಮೆ ಅದನ್ನು ನಿಂತು ಕೇಳಿದರು. ನಾಲ್ಕು ಕಲ್ಲಿಗೆ ನಾಲ್ಕೂ ಸರಿಯಾಯಿತು. "ನಿನ್ನ ಕಿವಿ ನಮಗೆ ಬೇಕು ಮಾರಾಯ" ಎಂದರು. ಕೆಲಸ ಕಿವಿಯದ್ದಲ್ಲ, ಕಣ್ಣಿನದ್ದು ಮತ್ತು ಬೆರಳಿನದ್ದು ಎಂದು ಅವನಿಗೆ ಗೊತ್ತಾದದ್ದು ಕಾಲೇಜಿಗೆ ಸೇರಿದ ಮೇಲೆ.

ಕಲ್ಲಿನಿಂದ ಬಿಸ್ಕತ್ತಿನಷ್ಟು ತುಂಡು ಕೊಯ್ದು, ಒಂದು ಮುಖ ನುಣುಪು ಮಾಡಿ, ಗಾಜಿನ ಪಟ್ಟಿಗೆ ಅಂಟಿಸಬೇಕು. ಮತ್ತೆ ಇನ್ನೊಂದು ಮುಖವನ್ನು ಗಾಜಿನ ಹಲಗೆಯ ಮೇಲೆ ಗಟ್ಟಿ ಪುಡಿ ಮತ್ತು ನೀರು ಹಾಕಿ ಅರೆಯುತ್ತ ಹೋಗಬೇಕು, ಕಲ್ಲಿನೊಳಗಿಂದ ಬೆಳಕು ಹಾಯುವವರೆಗೆ. ಒಂದು ಉಜ್ಜು ಹೆಚ್ಚಾದರೆ ಕಲ್ಲೇ ಇಲ್ಲ, ಗಾಜು ಮಾತ್ರ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಅವನು ಕಲ್ಲಿನ ಪಕ್ಕದಲ್ಲೇ ಒಂದು ಬೆಣಚುಕಲ್ಲಿನ ಚೂರನ್ನೂ ಅಂಟಿಸುತ್ತಿದ್ದ. ಸೂಕ್ಷ್ಮದರ್ಶಕದಲ್ಲಿ ಬೆಣಚಿನ ಬಣ್ಣ ಹಳದಿಯಿಂದ ಬೂದಿಗೆ ಇಳಿದ ಕ್ಷಣ ಕೈ ಎತ್ತುತ್ತಿದ್ದ. ಇಪ್ಪತ್ತೊಂಬತ್ತು ವರ್ಷ ಹೀಗೆ ಅರೆದ.

ಆ ಕೋಣೆಯಲ್ಲಿ ಅವನು ಹೆದರುತ್ತಿದ್ದದ್ದು ಒಂದೇ ಒಂದಕ್ಕೆ. ಹೊಗೆ ಹೀರುವ ಪೆಟ್ಟಿಗೆಯೊಳಗೆ, ಬೀಗದ ಹಿಂದೆ, ಪ್ಲಾಸ್ಟಿಕ್ ಬಾಟಲಿಯಲ್ಲಿ ಇದ್ದ ಆ್ಯಸಿಡ್. ಅದು ಗಾಜನ್ನೂ ತಿನ್ನುತ್ತದೆ. ಚರ್ಮಕ್ಕೆ ಬಿದ್ದರೆ ಮೊದಲು ಉರಿಯದೆಯೂ ಇರಬಹುದು. ಒಳಗೆ ಇಳಿದ ಮೇಲೆಯೇ ಗೊತ್ತಾಗುವುದು. ತನಗೆ ಸಾವು ಬರುವುದಾದರೆ ಆ ಬಾಟಲಿಯಿಂದಲೇ ಎಂದು ಚನಿಯ ಒಳಗೊಳಗೇ ನಿಶ್ಚಯಿಸಿದ್ದ. ಬೀಗ ತೆಗೆಯುವ ಮೊದಲು ಪ್ರತಿ ಸಲವೂ ಕೈಗವಸನ್ನು ಊದಿ, ತೂತು ಉಂಟಾ ಎಂದು ನೋಡುತ್ತಿದ್ದ.

ಸಾವು ಬಾಟಲಿಯಲ್ಲೇ ಇತ್ತು. ಆದರೆ ಆ ಬಾಟಲಿಯಲ್ಲಿ ಅಲ್ಲ.

ಪೆನ್ಶನ್ ಆಗಿ ವರ್ಷ ತುಂಬುವ ಮೊದಲೇ ಕಿಡ್ನಿ ಕೈಕೊಟ್ಟಿತು. ಬಹಳ ಕಾಲದ ಬಿ.ಪಿ., ಗಣ್ಯ ಮಾಡದೆ ಬಿಟ್ಟದ್ದು. ಮಾರ್ಚ್ ತಿಂಗಳಿನಿಂದ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶನಿವಾರ, ಡಯಾಲಿಸಿಸ್ ಶುರುವಾಯಿತು. ಅದಕ್ಕಾಗಿ ಎಡಗೈಯ ಎರಡು ನರಗಳನ್ನು ಡಾಕ್ಟರು ಒಳಗಿಂದ ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಚರ್ಮದ ಅಡಿಯಲ್ಲಿ ಗುಂಯ್‌ಗುಡುವ ಒಂದು ನಡುಕ, ಅರೆಯುವ ಚಕ್ರದ ಮೇಲೆ ಕೈ ಇಟ್ಟ ಹಾಗೆಯೇ. ಅದು ನಿಂತರೆ ಕೂಡಲೇ ಬರಬೇಕೆಂದು ಹೇಳಿದ್ದರು. ಬೆಳಗ್ಗೆ ಎದ್ದ ಕೂಡಲೇ ಚಕ್ರ ತಿರುಗುತ್ತಾ ಉಂಟಾ ಎಂದು ಮುಟ್ಟಿ ನೋಡುವುದು ಅವನಿಗೆ ಅಭ್ಯಾಸವಾಯಿತು. ಅವನ ಹೆಂಡತಿ ಮೋಹಿನಿ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಅವಳಿಗೆ ಹೆದರಿಕೆ.

ಮೊದಲ ಡಯಾಲಿಸಿಸ್ ಮುಗಿದ ದಿನ ನರ್ಸ್ ಶೈನಿ ಒಂದು ಕಾಗದ ಕೊಟ್ಟಳು. ತೆಂಕು ಕೇರಳದ ಕೋಟ್ಟಯಂ ಕಡೆಯ ಹುಡುಗಿ, ಕಾಸರಗೋಡಿಗೆ ಬಂದು ಆರು ತಿಂಗಳಾಗಿತ್ತು. ಬಾಯಿ ತೆರೆದರೆ ಮಾತು ನಿಲ್ಲದು. ಕಾಗದ ಮಲಯಾಳದಲ್ಲಿತ್ತು. ಚನಿಯ, ಮೋಹಿನಿ ಇಬ್ಬರೂ ಕನ್ನಡ ಶಾಲೆಯವರು. ಮನೆಯಲ್ಲಿ ತುಳು. ಮಲಯಾಳ ಬಸ್ಸಿಗೆ, ಅಂಗಡಿಗೆ ಸಾಕಾಗುವಷ್ಟು ಬರುತ್ತಿತ್ತು, ಅದೂ ಕಿವಿಯಿಂದ ಕಲಿತದ್ದು. ಶೈನಿ ಬೆರಳು ಮಡಚುತ್ತಾ ಓದಿ ಹೇಳಿದಳು. ಉಪ್ಪು ಕಡಿಮೆ. ನೀರು ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಬೇಡ. ಬಾಳೆಹಣ್ಣು ಬೇಡ.

"ಪಿನ್ನೆ, ಕರಿಕ್ಕ್ ವೇಂಡ, ಕೇಟ್ಟೋ. ಕರಿಕ್ಕ್ ತೀರೇ ವೇಂಡ" ಎಂದು ಕಣ್ಣು ಅಗಲ ಮಾಡಿದಳು.

ಮೋಹಿನಿ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ಗಂಡನಿಗೆ ಬಿಡಿಸಿ ಹೇಳಿದಳು. "ಕರಿದದ್ದು ತೀರಾ ಬೇಡ ಅಂತೆ. ಕೇಳಿದ್ರಲ್ಲ? ಇನ್ನು ಬಂಗುಡೆ ಫ್ರೈ ಇಲ್ಲ. ಎಣ್ಣೆಗೆ ಹಾಕಿದ್ದು ಯಾವುದೂ ಇಲ್ಲ."

"ಹಪ್ಪಳವೂ ಇಲ್ವಾ?"

"ಕರಿಕ್ಕ್ ಅಂದ್ರೆ ಹಪ್ಪಳ ಅಲ್ಲದೆ ಮತ್ತೆಂತ, ಪಾಯಸವಾ?"

ಕರಿಕ್ಕ್ ಎಂದರೆ ತೆಂಕಣ ಮಲಯಾಳದಲ್ಲಿ ಬೊಂಡ. ಎಳನೀರಿನ ಬೊಂಡ. ಕಾಸರಗೋಡಿನ ಮಲಯಾಳಿಗಳು ಅದನ್ನು ಇಳನೀರ್ ಎಂದೇ ಹೇಳುವುದರಿಂದ ಆ ಶಬ್ದ ಇವರಿಬ್ಬರ ಕಿವಿಗೆ ಬಿದ್ದೇ ಇರಲಿಲ್ಲ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ತುಂಬ ಉಂಟು. ಕಿಡ್ನಿ ಗಟ್ಟಿ ಇದ್ದವರಿಗೆ ಅದು ಅಮೃತ. ಇಲ್ಲದವರ ರಕ್ತದಲ್ಲಿ ಅದು ಹೊರಹೋಗುವ ದಾರಿ ಕಾಣದೆ ಸೇರುತ್ತಾ ಹೋಗುತ್ತದೆ, ನೋವಿಲ್ಲ, ಜ್ವರವಿಲ್ಲ. ಒಂದು ಮಟ್ಟ ದಾಟಿದ ಮೇಲೆ ಹೃದಯ ನಿಲ್ಲುತ್ತದೆ. ಶೈನಿ ಕಣ್ಣು ಅಗಲ ಮಾಡಿದ್ದು ಅದಕ್ಕೆ.

ಮೋಹಿನಿ ಬಾಣಲೆಯನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಮರುದಿನ ಬೆಳಗ್ಗೆ ಗಂಡನಿಗೆ ಒಂದು ಬೊಂಡ ಕೆತ್ತಿ ಕೊಟ್ಟಳು. ಕುಡಿಯಲಿಕ್ಕೆ ಇರುವುದೇ ಇಷ್ಟು ನೀರು ಎಂದಾದರೆ ಬರೀ ನೀರು ಯಾಕೆ? ಆ ಊರಿನಲ್ಲಿ ಜ್ವರಕ್ಕೆ ಬೊಂಡ, ವಾಂತಿಗೆ ಬೊಂಡ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವವರ ಕೈಯಲ್ಲಿ ಬೊಂಡ. ರೋಗಿಗೆ ಬೊಂಡ ಕೊಡಬಹುದೇ ಎಂದು ಯಾರನ್ನಾದರೂ ಕೇಳುವುದೆಂದರೆ ಗಾಳಿ ಕೊಡಬಹುದೇ ಎಂದು ಕೇಳಿದ ಹಾಗೆ.

ತೆಂಗು ಹತ್ತುವ ಬಟ್ಯ ನೆರೆಮನೆಯವನು. ಮೋಹಿನಿಯ ಅಂಗಳದ ಮೂಲೆಯಲ್ಲಿ ಕೆಂಪು ಸಿಪ್ಪೆಯ ಗೆಂದಾಳಿ ತೆಂಗು ಇತ್ತು, ಔಷಧಕ್ಕೆ ಶ್ರೇಷ್ಠ ಎಂದು ಹೆಸರಾದದ್ದು. ಎರಡು ದಿನಕ್ಕೊಮ್ಮೆ ಬಟ್ಯ ಅದನ್ನು ಹತ್ತಿ ಇಳಿಸಿಕೊಡುತ್ತಿದ್ದ.

"ಕುಡಿ ಚನಿಯಣ್ಣ. ಗೆಂದಾಳಿ ಕುಡಿದ್ರೆ ಕಿಡ್ನಿ ಎರಡಲ್ಲ, ಮೂರಾಗ್ತದೆ."

"ಮೂರನೆಯದ್ದು ನಿಂಗೆ ಕೊಡ್ತೇನೆ, ತಡಿ. ಸಂಜೆ ನೀನು ಕುಡಿಯುವ ಲೆಕ್ಕಕ್ಕೆ ಬೇಕಾಗ್ತದೆ."

ಬಟ್ಯ ಮರದ ಮೇಲಿನಿಂದಲೇ ನಕ್ಕ.

ಏಪ್ರಿಲ್ ಕೊನೆಗೆ ಕಾಲೇಜಿಗೆ ರಜೆ ಬಿತ್ತು. ಆಗ ಆನ್ಸಿಲ್ಲಾ ಟೀಚರ್ ಫೋನ್ ಮಾಡಿದರು. ಬೇಳ ಎಂಬ ಊರಿನ ಕೊಂಕಣಿ ಮನೆಯವರು, ವಿಭಾಗದಲ್ಲಿ ಎಲ್ಲರಿಗಿಂತ ಚಿಕ್ಕವರು. ಅಲ್ಲೇ ವಿದ್ಯಾರ್ಥಿನಿಯಾಗಿದ್ದಾಗ ಚನಿಯ ಅರೆದ ಎರಡು ಡಜನ್ ಸ್ಲೈಡ್ ಒಡೆದು ಹಾಕಿದವರು.

"ಚನಿಯಣ್ಣ, ಹದಿನಾಲ್ಕು ಸ್ಲೈಡ್ ಆಗ್ಬೇಕಿತ್ತು. ನಿಮ್ಮನ್ನು ಬಿಟ್ರೆ ಬೇರೆ ಯಾರ ಕೈಗೂ ಕೊಡ್ಲಿಕ್ಕೆ ನಂಗೆ ಧೈರ್ಯ ಇಲ್ಲ. ಆದ್ರೆ ನಿಮ್ಮ ಆರೋಗ್ಯ..."

"ಆರೋಗ್ಯ ವಾರಕ್ಕೆ ಎರಡು ದಿನ ಆಸ್ಪತ್ರೆಯಲ್ಲಿ ಇರ್ತದೆ ಟೀಚರ್. ಉಳಿದ ದಿನ ನಾನು ಫ್ರೀ."

ಕಲ್ಲುಗಳು ಒಂದು ಮರದ ಪೆಟ್ಟಿಗೆಯಲ್ಲಿ ಬಂದಿದ್ದವು. ಆಂಧ್ರದ ಕಡೆ ಭೂಮಿಗೆ ಕೊಳವೆ ಇಳಿಸಿ ತೆಗೆದ ಉರುಟು ತುಂಡುಗಳು. ಕಪ್ಪು ಹಸಿರು ಬಣ್ಣ. ಬಿಸಿಲಿಗೆ ಹಿಡಿದರೆ ಒಳಗೆ ಕಂದು ಅಭ್ರಕದ ಮಿನುಗು. ಚನಿಯ ಒಂದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದ. ಇಷ್ಟು ವರ್ಷದಲ್ಲಿ ಅಂಥ ಸದ್ದು ಅವನು ಕೇಳಿರಲಿಲ್ಲ.

"ಇದೆಂತ ಕಲ್ಲು? ಒಳಗೆ ಯಾರೋ ಉಸಿರು ಹಿಡಿದು ಕೂತ ಹಾಗೆ ಉಂಟು."

"ಲ್ಯಾಂಪ್ರೋಯಿಟ್ ಅಂತ. ಜ್ವಾಲಾಮುಖಿಯ ಕಲ್ಲು. ಲೋಕದಲ್ಲೇ ಅಪರೂಪ. ಸಾಧಾರಣ ಲಾವಾ ಕಲ್ಲಿನಲ್ಲಿ ಪೊಟ್ಯಾಸಿಯಂ ನೂರರಲ್ಲಿ ಒಂದು ಪಾಲು ಇದ್ರೆ ಹೆಚ್ಚು. ಇದ್ರಲ್ಲಿ ಏಳು, ಎಂಟು."

"ಅಷ್ಟು ಎಲ್ಲಿಂದ ಬಂತು?"

ಮಧ್ಯಾಹ್ನ ಜಗಲಿಯಲ್ಲಿ ಬುತ್ತಿ ಬಿಚ್ಚಿದಾಗ ಟೀಚರ್ ಅದಕ್ಕೆ ಉತ್ತರ ಹೇಳಿದರು. ಅವರ ಡಬ್ಬಿಯಲ್ಲಿ ಕಾಯಿಹಾಲಿನ ಸಾರು ಇತ್ತು. ಮಾತು ಅಲ್ಲಿಂದಲೇ ಎತ್ತಿಕೊಂಡರು.

"ಕಾಯಿತುರಿಯಿಂದ ಹಾಲು ಹಿಂಡ್ತೇವಲ್ಲ, ಹಾಗೆ. ಭೂಮಿಯ ಅಡಿ ನೂರೈವತ್ತು ಕಿಲೋಮೀಟರ್ ಆಳದ ಬಂಡೆ ಯಾವ ಕಾಲದಲ್ಲೋ ಒಮ್ಮೆ ಹಿಂಡಿ ಹೋಗಿದೆ. ಕರಗುವಂಥದ್ದೆಲ್ಲ ಕರಗಿ ಮೇಲೆ ಹೋಗಿ, ಒಣ ತುರಿ ಮಾತ್ರ ಉಳಿದದ್ದು. ಆ ಒಣ ತುರಿಗೆ ಮತ್ತೆ ಎಲ್ಲಿಂದಲೋ ಒಂದು ರಸ ಇಳೀತದೆ. ಸಮುದ್ರದ ತಳದ ಮಣ್ಣು ಭೂಮಿಯ ಒಳಗೆ ಜಾರಿ, ಬೆಂದು ಬಿಟ್ಟ ರಸ ಇರಬಹುದು ಅಂತಾರೆ. ಅದ್ರ ತುಂಬ ಪೊಟ್ಯಾಸಿಯಂ. ಬಂಡೆಯ ಬಿರುಕು ಬಿರುಕಿನಲ್ಲಿ ಹೋಗಿ ಅಭ್ರಕವಾಗಿ ಕೂತ್ಕೊಳ್ತದೆ. ನರಗಳ ಹಾಗೆ."

"ಕೂತು ಎಂತ ಮಾಡ್ತದೆ?"

"ಎಂತ ಇಲ್ಲ. ಕಾಯ್ತದೆ. ಹತ್ತು ಕೋಟಿ ವರ್ಷ, ನೂರು ಕೋಟಿ ವರ್ಷ. ಮೇಲೆ ಇದ್ದವರಿಗೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಸ್ವಲ್ಪ ಬಿಸಿ ಏರ್ತದೆ. ಬಂಡೆ ಕರಗುವಷ್ಟಲ್ಲ, ಆ ನರಗಳು ಕರಗುವಷ್ಟು. ಮತ್ತೆ ತಡ ಇಲ್ಲ ಚನಿಯಣ್ಣ. ದಡಬಡ ಅಂತ ಮೇಲೆ ಬಂದು ಒಡೀತದೆ."

ಚನಿಯ ತನ್ನ ಸ್ಟೀಲಿನ ಬಾಟಲಿಯ ಮುಚ್ಚಳ ತಿರುಗಿಸಿ ಎರಡು ಗುಟುಕು ಕುಡಿದ. ಒಳಗಿದ್ದದ್ದು ಆ ದಿನದ ಬೊಂಡ, ಮೋಹಿನಿ ಬಾಟಲಿಗೆ ಹಾಕಿ ಕಳಿಸಿದ್ದು. ಸ್ಟೀಲಿನ ಬಾಟಲಿಯಲ್ಲಿ ನೀರೂ ಬೊಂಡವೂ ಹೊರಗಿನವರಿಗೆ ಒಂದೇ.

ಸ್ಲೈಡುಗಳು ಒಂದೊಂದಾಗಿ ಸಿದ್ಧವಾದವು. ಅಭ್ರಕ ಜೇನಿನ ಬಣ್ಣಕ್ಕೆ ಬಂತು. ನಡುನಡುವೆ ದುಂಡಗಿನ ಬಿಳಿ ಆಕಾರಗಳು, ಸಾಬಕ್ಕಿ ಚೆಲ್ಲಿದ ಹಾಗೆ. ಆದರೆ ಪ್ರತಿಯೊಂದರ ಒಳಗೂ ಬೇರೆ ಏನೋ ಪುಡಿಪುಡಿಯಾದದ್ದು ತುಂಬಿತ್ತು. ಚನಿಯ ಬಹಳ ಹೊತ್ತು ನೋಡಿದ.

"ಮನೆ ಉಂಟು, ಒಕ್ಕಲು ಬೇರೆ" ಎಂದ.

"ಸರಿಯಾಗಿ ಹೇಳಿದ್ರಿ. ಅದು ಲ್ಯೂಸೈಟ್ ಅಂತ ಇದ್ದದ್ದು. ಪೊಟ್ಯಾಸಿಯಂ ತುಂಬಿದ ಹರಳು. ಇಷ್ಟು ಹಳೆಯ ಕಲ್ಲಿನಲ್ಲಿ ಅದು ಉಳಿಯುವುದಿಲ್ಲ, ಆಕಾರ ಮಾತ್ರ ಉಳಿಯುವುದು. ಅದ್ರ ಪೊಟ್ಯಾಸಿಯಂ ಈಗ ಎಲ್ಲಿ ಸೇರಿಕೊಂಡಿದೆ ಅಂತ ನಂಗೆ ಬೇಕು. ಅದಕ್ಕೆ ನಿಮ್ಮ ಅರಸಿನ ನೀರು ಆಗ್ಬೇಕು."

ಅರಸಿನ ನೀರು ಚನಿಯ ಇಟ್ಟ ಹೆಸರು. ಔಷಧದ ನಿಜವಾದ ಹೆಸರು ನಾಲಿಗೆ ಹೊರಳದಷ್ಟು ಉದ್ದ. ಪುಡಿಯನ್ನು ನೀರಿಗೆ ಹಾಕಿದರೆ ಕಡು ಚಹಾದ ಬಣ್ಣ. ಸ್ಲೈಡನ್ನು ಮೊದಲು ಆ ಆ್ಯಸಿಡ್‌ನ ಆವಿಗೆ ಹಿಡಿದು, ಮತ್ತೆ ಈ ನೀರಿನಲ್ಲಿ ಅದ್ದಬೇಕು. ಕಲ್ಲಿನಲ್ಲಿ ಪೊಟ್ಯಾಸಿಯಂ ಸಡಿಲವಾಗಿ ಎಲ್ಲಿದೆಯೋ ಅಲ್ಲಿ ಮಾತ್ರ ಹಳದಿ ಮೂಡುತ್ತದೆ, ತೇದ ಅರಸಿನದ ಹಾಗೆ. ಬೇರೆ ಯಾವ ಜಾಗವೂ ಬಣ್ಣ ಹಿಡಿಯದು. ಸುಳ್ಳು ಹೇಳದ ನೀರು ಎಂದು ಅವನು ಮಕ್ಕಳಿಗೆ ಹೇಳುತ್ತಿದ್ದ.

ಮೇ ತಿಂಗಳ ಎರಡನೆಯ ಮಂಗಳವಾರ ಶೈನಿ ರಕ್ತದ ವರದಿ ಹಿಡಿದು ಬಂದಳು. ಒಂದು ಅಂಕಿಯ ಸುತ್ತ ಕೆಂಪು ಶಾಯಿ. ಐದರ ಆಸುಪಾಸು ನಿಲ್ಲಬೇಕಾದದ್ದು ಆರು ಪಾಯಿಂಟ್ ನಾಲ್ಕು.

"ಚೇಟ್ಟಾ, ಕರಿಕ್ಕ್ ಒನ್ನುಂ ಇಲ್ಲಲ್ಲೋ?" ಕರಿಕ್ಕ್ ಏನೂ ಇಲ್ಲವಷ್ಟೆ?

"ಇಲ್ಲ ಸಿಸ್ಟರೇ. ಎರಡು ತಿಂಗಳಾಯ್ತು, ಹಪ್ಪಳದ ಒಂದು ಚೂರು ಕೂಡ ಇಲ್ಲ."

ಹಪ್ಪಳ ಎಂದರೆ ಏನೆಂದು ಶೈನಿಗೆ ತಿಳಿಯಲಿಲ್ಲ. ಇಲ್ಲ ಎಂಬುದು ತಿಳಿಯಿತು. ಆ ಮಾತು ಎರಡೂ ಭಾಷೆಗೆ ಒಂದೇ. ಅವಳು ಹುಬ್ಬು ಗಂಟಿಕ್ಕಿ, ಕಾಗದದಲ್ಲಿ ಏನೋ ಬರೆದುಕೊಂಡು ಹೋದಳು.

ಆ ಕೆಂಪು ಸುತ್ತಿನ ಪಕ್ಕದಲ್ಲಿ ಇಂಗ್ಲಿಷಿನ ಕೆ ಅಕ್ಷರ ಇತ್ತು, ಪೊಟ್ಯಾಸಿಯಂನ ಗುರುತು. ಅದನ್ನು ಚನಿಯ ಟೀಚರ ಮೇಜಿನ ಮೇಲೆ, ಕಲ್ಲಿನ ವರದಿಯಲ್ಲೂ ಕಂಡಿದ್ದ. ಮನೆಗೆ ಬಂದು ಹೇಳಿದ.

"ಟೀಚರ ಕಲ್ಲಿನಲ್ಲೂ ಕೆ, ನನ್ನ ರಕ್ತದಲ್ಲೂ ಕೆ. ಎರಡೂ ಹೆಚ್ಚು ಅಂತೆ."

"ಕೆ ಅಂದ್ರೆ ಕಾಸರಗೋಡು ಅಣ್ಣ" ಎಂದ ಬಟ್ಯ, ಕತ್ತಿ ಮಸೆಯುತ್ತಾ. "ಅದು ನಮ್ಮೆಲ್ಲರ ರಕ್ತದಲ್ಲೂ ಉಂಟು."

ಮೋಹಿನಿ ನಗಲಿಲ್ಲ. ಅವಳಿಗೆ ವಿಷಯ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. "ಆ ಕಲ್ಲಿನ ಧೂಳು ಒಳಗೆ ಹೋಗಿ ಹೋಗಿ ಆದದ್ದು ಇದು. ಬಿಡಿ ಅಂದ್ರೆ ಬಿಡುವವರಲ್ಲ ನೀವು. ಕಡೇಪಕ್ಷ ಧೂಳನ್ನು ತೊಳೀಬೇಕಲ್ಲ?"

ತೊಳೆಯುವುದು ಯಾವುದರಿಂದ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮರುದಿನದಿಂದ ಒಂದಿದ್ದ ಬೊಂಡ ಎರಡಾಯಿತು. ಬೆಳಗ್ಗೆ ಒಂದು ಮನೆಯಲ್ಲಿ, ಇನ್ನೊಂದು ಬಾಟಲಿಯಲ್ಲಿ ಕಾಲೇಜಿಗೆ. ನೀರನ್ನು ಅವಳು ಅಷ್ಟೇ ಕಡಿಮೆ ಮಾಡಿದಳು. ಲೀಟರಿನ ಲೆಕ್ಕ ತಪ್ಪಬಾರದು ಎಂದು ಲೋಟದ ಮೇಲೆ ಉಗುರಿನಿಂದ ಗೀರು ಹಾಕಿ ಇಟ್ಟಿದ್ದಳು.

ಆ ವರ್ಷ ಮೇ ತಿಂಗಳ ಸೆಕೆಗೆ ಕೊನೆಯೇ ಇರಲಿಲ್ಲ. ಚೆರ್ಕಳದಲ್ಲಿ ಹೆದ್ದಾರಿಗಾಗಿ ಸೀಳಿದ ಗುಡ್ಡ ಹಸಿ ಗಾಯದ ಹಾಗೆ ನಿಂತಿತ್ತು. ಮಳೆ ಬಂದರೆ ಏನಾಗುತ್ತದೋ ಎಂದು ಬಸ್ಸಿನಲ್ಲಿ ಜನ ದಿನವೂ ಅದನ್ನೇ ನೋಡುತ್ತಿದ್ದರು. ಚನಿಯ ನೋಡುತ್ತಿದ್ದದ್ದು ಬಸ್ಸಿನ ಮೆಟ್ಟಿಲನ್ನು. ಅದು ದಿನದಿನಕ್ಕೆ ಎತ್ತರವಾಗುತ್ತಿತ್ತು. ಕಾಲುಗಳಲ್ಲಿ ಯಾರೋ ಒದ್ದೆ ಮರಳು ತುಂಬಿದ ಹಾಗೆ. ತುಟಿಯ ಸುತ್ತ ಇರುವೆ ಹರಿದ ಹಾಗೆ. ನೋವಿರಲಿಲ್ಲ, ಆದ್ದರಿಂದ ಅವನು ಯಾರಿಗೂ ಹೇಳಲಿಲ್ಲ. ವಯಸ್ಸಾಯಿತು ಎಂದುಕೊಂಡ.

ಹನ್ನೊಂದು ಸ್ಲೈಡ್ ಬಣ್ಣ ಹಿಡಿದಾಗಿತ್ತು. ಕೊನೆಯ ಮೂರನ್ನು ಆ ಶುಕ್ರವಾರ ಮುಗಿಸಿಬಿಡುತ್ತೇನೆ ಎಂದು ಟೀಚರಿಗೆ ಮಾತು ಕೊಟ್ಟಿದ್ದ. ಶನಿವಾರ ಹೇಗೂ ಡಯಾಲಿಸಿಸ್.

ಕೈಗವಸು ಊದಿ ನೋಡಿ ಬೀಗ ತೆಗೆದ. ಮೂರು ಸ್ಲೈಡನ್ನೂ ಆವಿಗೆ ಹಿಡಿದು, ಬಾಟಲಿ ಮುಚ್ಚಿ, ಪುನಃ ಬೀಗ ಹಾಕಿದ. ಕೈಗವಸು ತೊಳೆದು ಬಿಚ್ಚಿದಾಗ ಎಂದಿನಂತೆ ಒಂದು ಉದ್ದ ಉಸಿರು ಬಂತು. ಇವತ್ತೂ ಏನೂ ಆಗಲಿಲ್ಲ.

ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಅರಸಿನ ನೀರು ಕಲಸಿಟ್ಟ. ಬಾಯಿ ಒಣಗಿತ್ತು. ಈ ಕೋಣೆಯಲ್ಲಿ ತಿನ್ನಬಾರದು, ಕುಡಿಯಬಾರದು ಎಂದು ಅವನೇ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ಚೀಟಿ ಎದುರಿಗೇ ಇತ್ತು. ಆದರೆ ಜಗಲಿಯವರೆಗೆ ನಡೆಯುವುದಕ್ಕೆ ಆ ದಿನ ಕಾಲು ಬರಲಿಲ್ಲ. ಕೂತಲ್ಲಿಯೇ ಸ್ಟೀಲಿನ ಬಾಟಲಿಯನ್ನು ಬಾಯಿಗೆ ಎತ್ತಿದ. ಬಾಟಲಿ ವಾಲಿತು. ಒಂದು ಗುಟುಕಿನಷ್ಟು ಗಲ್ಲದ ಮೇಲಿಂದ ಇಳಿದು ಬಟ್ಟಲಿಗೆ ಬಿತ್ತು.

ಚಹಾದ ಬಣ್ಣದ ನೀರಿನೊಳಗೆ ಹಳದಿ ಮೋಡವೊಂದು ಎದ್ದಿತು. ಎದ್ದು, ಹರಡಿ, ಮೆಲ್ಲಗೆ ಬಟ್ಟಲಿನ ತಳಕ್ಕೆ ಇಳಿಯತೊಡಗಿತು.

ಬಟ್ಟಲು ಸರಿಯಾಗಿ ತೊಳೆದಿರಲಿಲ್ಲ ಎಂದುಕೊಂಡ. ಚೆಲ್ಲಿ, ಮೂರು ಸಲ ತೊಳೆದು, ಒರೆಸಿ, ಹೊಸದಾಗಿ ಅರಸಿನ ನೀರು ಕಲಸಿದ. ನಳ್ಳಿಯ ನೀರಿನ ನಾಲ್ಕು ಹನಿ ಬಿಟ್ಟ. ಏನೂ ಆಗಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸದಂತೆ, ಒಂದು ನಿಮಿಷ ಕಾದ. ಏನೂ ಇಲ್ಲ. ಮತ್ತೆ ಬಾಟಲಿಯಿಂದ ಬೊಂಡದ ನಾಲ್ಕು ಹನಿ ಬಿಟ್ಟ.

ಅರಸಿನ.

ಅವನಿಗೆ ಮೊದಲು ಬಂದದ್ದು ಹೆದರಿಕೆಯಲ್ಲ. ಉತ್ತರ ಇಷ್ಟು ಚೊಕ್ಕವಾಗಿ ಬಂತಲ್ಲ ಎಂಬ, ಕೆಲಸಗಾರನ ಒಂದು ತೃಪ್ತಿ. ಅದರ ಹಿಂದೆಯೇ ಇನ್ನೊಂದು ಬಂತು. ದಿನಕ್ಕೆ ಒಂದು ಬೊಂಡ, ಆಮೇಲೆ ಎರಡು. ಬಟ್ಟಲಿನಲ್ಲಿ ಬಿದ್ದದ್ದು ನಾಲ್ಕು ಹನಿ. ಬಾಟಲಿ ಅರ್ಧ ಖಾಲಿಯಾಗಿತ್ತು.

ಪಕ್ಕದ ಕೋಣೆಯಲ್ಲಿ ಟೀಚರ್ ಇದ್ದರು. ಅವನು ಕೂತಲ್ಲಿಂದಲೇ ಕೂಗಿ ಕೇಳಿದ.

"ಟೀಚರ್, ಮಲಯಾಳದಲ್ಲಿ ಕರಿಕ್ಕ್ ಅಂದ್ರೆ ಎಂತ?"

"ಕರಿಕ್ಕಾ? ಬೊಂಡ. ತೆಂಕು ಕಡೆಯವರು ಹೇಳುವುದು ಹಾಗೆ. ಯಾಕೆ?"

 ಚನಿಯ ಮೇಜು ಹಿಡಿದು ಏಳಲು ನೋಡಿದ. ಕಾಲುಗಳು ಏಳಲಿಲ್ಲ. ಎಡಗೈ ಮುಟ್ಟಿಕೊಂಡ. ಚಕ್ರ ತಿರುಗುತ್ತಿತ್ತು. ಆದರೆ ಎದೆಯಲ್ಲಿ ಏನೋ ಒಂದು ಪೆಟ್ಟು ತಪ್ಪಿಸಿ, ತಡೆದು, ಮತ್ತೆ ಹೊಡೆಯಿತು. ಕಲ್ಲು ನೇರ ಬಿಡುತ್ತದೋ ನಡುವೆ ಮುರಿಯುತ್ತದೋ ಎಂದು ಅವನು ಕಿವಿಗೊಟ್ಟು ಕೇಳಿದ.

ಟೀಚರ್ ಬಾಗಿಲಿಗೆ ಬಂದಾಗ ಅವನು ಹೇಳಿದ್ದು ಮೂರು ಮಾತು. "ಆಸ್ಪತ್ರೆಗೆ ಹೋಗ್ಬೇಕು. ಆ ಮೂರು ಸ್ಲೈಡ್ ತೊಳೆದಿಲ್ಲ. ಮೋಹಿನಿಗೆ ಇದು ಹೇಳ್ಬೇಡಿ." ಹೇಳಿ, ಬಟ್ಟಲಿನ ಕಡೆ ಬೆರಳು ತೋರಿಸಿದ. ಬಟ್ಟಲು, ಪಕ್ಕದಲ್ಲಿ ತೆರೆದ ಬಾಟಲಿ, ಬೊಂಡದ ವಾಸನೆ.  ಟೀಚರಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾವಲುಗಾರನ ಸಹಾಯದಿಂದ ಅವನನ್ನು ಕಾರಿಗೆ ಹಾಕಿದರು. ಅಗೆದ ಹೆದ್ದಾರಿಯ ಪಕ್ಕದ ಕಿರಿದಾದ ದಾರಿಯಲ್ಲಿ, ಮರಳಿನ ಲಾರಿಗಳ ಹಿಂದೆ, ಕಾರು ತೆವಳಿತು. ಟೀಚರ್ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. "ದಡಬಡ ಅಂತ ಮೇಲೆ ಬರ್ತದೆ ಅಂದಿದ್ರಿ" ಎಂದು ಚನಿಯ ಒಮ್ಮೆ ಹೇಳಿದ. ಟೀಚರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ಎದೆಗೆ ತಂತಿ ಅಂಟಿಸಿದಾಗ ಯಂತ್ರದಿಂದ ಬಂದ ಕಾಗದದಲ್ಲಿ ಗೆರೆಗಳು ಚೂಪಾದ ಗುಡ್ಡಗಳ ಹಾಗೆ ಎದ್ದಿದ್ದವು. ಡಾಕ್ಟರು ಅದನ್ನು ನೋಡಿ ಓಡಿದರು. ಕೈಗೆ ಒಂದು ಸೂಜಿ, ಮತ್ತೊಂದು ಸೂಜಿ, ಮತ್ತೆ ಡಯಾಲಿಸಿಸ್ ಯಂತ್ರ. ರಕ್ತದಲ್ಲಿ ಕೆ ಏಳು ಪಾಯಿಂಟ್ ಒಂಬತ್ತು. ಇನ್ನೊಂದು ಬೊಂಡ ಕುಡಿದಿದ್ದರೆ ನಾಳೆ ಬೆಳಗ್ಗೆ ನಮ್ಮ ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಟೀಚರಿಗೆ ಹೇಳುವುದು ಅವನಿಗೆ ಕೇಳಿಸಿತು. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ಸುತ್ತು ಬಂದು, ಒಳಗೆ ಬರುತ್ತಿತ್ತು. ಅದರಲ್ಲಿ ಹಳದಿ ಎಲ್ಲೂ ಕಾಣಿಸುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಮೋಹಿನಿ ಬಂದಳು, ಬಟ್ಯನ ಜೊತೆ ಆಟೋದಲ್ಲಿ. ಗಾಜಿನ ಬಾಗಿಲಿನ ಆಚೆ ಅವಳನ್ನು ಚನಿಯ ಮಲಗಿದಲ್ಲಿಂದಲೇ ಕಂಡ. ಅವಳ ಕೈಯಲ್ಲಿ ಬಟ್ಟೆಯ ಚೀಲ, ಚೀಲದ ಬಾಯಿಯಲ್ಲಿ ಎರಡು ಕೆಂಪು ಗೆಂದಾಳಿ. ಶೈನಿ ಅಡ್ಡ ಬಂದು ನಿಂತಳು. ಶೈನಿಯ ಬೆನ್ನು ಮಾತ್ರ ಇತ್ತ ಕಡೆ. ಅವಳು ಏನು ಹೇಳಿದಳೋ, ಎಷ್ಟು ಹೇಳಿದಳೋ, ಗಾಜಿನ ಈಚೆಗೆ ಕೇಳಿಸಲಿಲ್ಲ.

ಮೋಹಿನಿ ಒಳಗೆ ಬಂದಾಗ ಕೈಯಲ್ಲಿ ಚೀಲ ಇರಲಿಲ್ಲ. ಮಂಚದ ಪಕ್ಕ ನಿಂತಳು.

ಚನಿಯ ದಾರಿಯುದ್ದಕ್ಕೂ ಹೊಂದಿಸಿಟ್ಟ ಮಾತನ್ನು ಹೇಳಿದ. "ಇವತ್ತಿನಿಂದ ಬೊಂಡ ಬೇಡ ಅಂತೆ. ಡಾಕ್ಟರು ಹೊಸದಾಗಿ ಹೇಳಿದ್ದು."

"ಇವತ್ತಿನಿಂದಲಾ?"

"ಹೌದು."

"ನಿನ್ನೆವರೆಗೆ ಆಗ್ತಿತ್ತಾ?"

"ನಿನ್ನೆವರೆಗೆ ಆಗ್ತಿತ್ತು."

ಮೋಹಿನಿ ಅವನ ಮುಖವನ್ನೇ ನೋಡಿದಳು. "ಸರಿ" ಎಂದಳು. ಹೊದಿಕೆಯ ಮಡಿಕೆ ಬಿಡಿಸಿದಳು.  ಅವಳಿಗೆ ಗೊತ್ತಾಗಲಿಲ್ಲ ಎಂದು ಚನಿಯ ಸಮಾಧಾನಪಟ್ಟ. ಗೊತ್ತಾಗದಿದ್ದರೆ ಸಾಕಿತ್ತು ಅವನಿಗೆ.

ಎರಡು ದಿನ ಕಳೆದು, ಭಾನುವಾರ ಮಧ್ಯಾಹ್ನ ಬಟ್ಯ ಅವನನ್ನು ಮನೆಗೆ ಕರೆದುಕೊಂಡು ಬಂದ. ದಾರಿಯಲ್ಲಿ ಬಟ್ಯ ಒಂದೂ ತಮಾಷೆ ಮಾಡಲಿಲ್ಲ. ಅಂಗಳಕ್ಕೆ ಕಾಲಿಟ್ಟಾಗ ಚನಿಯ ಮೇಲೆ ನೋಡಿದ. ಗೆಂದಾಳಿ ತೆಂಗಿನಲ್ಲಿ ಒಂದು ಗೊನೆಯೂ ಇರಲಿಲ್ಲ. ಬಲಿತದ್ದು, ಎಳೆಯದ್ದು, ಮುಷ್ಟಿಯಷ್ಟು ಸಣ್ಣದ್ದು, ಎಲ್ಲವನ್ನೂ ಯಾರೋ ಕಡಿಸಿ ಹಾಕಿದ್ದರು. ಮರದ ಕುತ್ತಿಗೆ ಬೋಳಾಗಿ ನಿಂತಿತ್ತು. ಪಡುವಣದಲ್ಲಿ ಮೊದಲ ಮೋಡ ಕಪ್ಪು ಕಟ್ಟುತ್ತಿತ್ತು.

ಒಳಗಿನಿಂದ ವಾಸನೆ ಬಂತು. ಕಾದ ತೆಂಗಿನೆಣ್ಣೆ, ಮೆಣಸು, ಮೀನು. ಎರಡೂವರೆ ತಿಂಗಳಿನಿಂದ ಆ ಮನೆಯಲ್ಲಿ ಇಲ್ಲದ ವಾಸನೆ. ಅಟ್ಟದಿಂದ ಬಾಣಲೆ ಕೆಳಗಿಳಿದಿತ್ತು.

ಚನಿಯ ಚಾಪೆಯ ಮೇಲೆ ಕೂತ. ಮೋಹಿನಿ ಬಟ್ಟಲಿನಲ್ಲಿ ಅನ್ನ ಇಟ್ಟು, ಅದರ ಬದಿಗೆ ಕರಿದ ಬಂಗುಡೆಯ ಒಂದು ತುಂಡು ಇಟ್ಟಳು. ಮೊಗ್ರಾಲಿನ ಮೀನಿನವಳಿಂದ ಬೆಳಗ್ಗೆಯೇ ತೆಗೆದುಕೊಂಡದ್ದು.

"ಇದು ಆಗ್ತದೆ" ಎಂದಳು.

 ಚನಿಯ ಮೀನನ್ನು ನೋಡಿದ, ಅವಳನ್ನು ನೋಡಲಿಲ್ಲ. ಒಂದು ಎಸಳು ಬಿಡಿಸಿ ಬಾಯಿಗೆ ಹಾಕಿದ. ಉಪ್ಪು ಇರಲಿಲ್ಲ. ಉಳಿದ ಮುಳ್ಳನ್ನು ಅವಳೇ ಬಿಡಿಸಿ ಕೊಟ್ಟಳು. 

ಊಟ ಮುಗಿಯಿತು. ದೂರದಲ್ಲಿ ಗುಡುಗು ಉರುಳಿತು. ಮಂಗಳವಾರ ಪುನಃ ರಕ್ತ ತೆಗೆಯುತ್ತಾರೆ. ಬಟ್ಟಲನ್ನು ಎತ್ತಲು ಬಗ್ಗಿದವಳು ಎತ್ತಲಿಲ್ಲ. ಅವನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಇಷ್ಟು ದಿನ ಹೆದರಿ ಮುಟ್ಟದಿದ್ದ ಆ ಜಾಗದ ಮೇಲೆ ಎರಡು ಬೆರಳು ಇಟ್ಟಳು. ತಲೆ ತಗ್ಗಿಸಿ, ಬಹಳ ಹೊತ್ತು.

"ತಿರುಗ್ತಾ ಉಂಟು" ಎಂದಳು.

ಬೆರಳು ತೆಗೆಯಲಿಲ್ಲ.